ಒಂದು ದಿನದ ಪ್ರವಾಸ ಕಲಿಸಿದ ಪಾಠ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲಾ ಪ್ರವಾಸವೆಂದರೆ ಮೋಜು ಎಂದು ನಾವು ತಿಳಿದಿದ್ದೇವೆ. ಈ ವರ್ಷ ಎಂಟು, ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಉತ್ತರ ಕನ್ನಡದ ಕರಾವಳಿಯಲ್ಲಿ ಕಳೆದ ಒಂದು ದಿನ ಶಿಕ್ಷಕನಾದ ನನಗೇ ಪಾಠ ಕಲಿಸಿತು. ಅದನ್ನು ತಮ್ಮ ಮುಂದಿಡುತ್ತೇನೆ.

ಬೆಳಿಗ್ಗೆ ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆ ನೋಡಿದೆವು. ಚಿರೇಕಲ್ಲಿನ ದಪ್ಪ ಗೋಡೆಗಳು, ಸುತ್ತಲೂ ಕಂದಕ, ಒಳಗೆ ಬಾವಿಗಳು. 16ನೇ ಶತಮಾನದಲ್ಲಿ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿತ್ತು. ಘಟ್ಟದ ಕಾಳುಮೆಣಸು ಈ ಕರಾವಳಿಯಿಂದಲೇ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು.

ಕೋಟೆಯ ಬಳಿ ಹರಿಯುವ ಅಘನಾಶಿನಿ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿಯ ಮರಿಗಳು ಬೆಳೆಯುತ್ತವೆ. ನೀರು ಇಳಿದಾಗ ಜನ ಚಿಪ್ಪಿ ಆರಿಸಿ ಸಂಸಾರ ನಡೆಸುತ್ತಾರೆ. ಪುಸ್ತಕದ ಪರಿಸರ ಪಾಠ ಮಕ್ಕಳಿಗೆ ಅಲ್ಲಿ ಕಣ್ಣಾರೆ ಕಂಡಿತು.

ಮಧ್ಯಾಹ್ನ ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ ಬಂದೆವು. 1340ರ ದಶಕದಲ್ಲಿ ಪ್ರವಾಸಿ ಇಬ್ನ್ ಬತೂತಾ ಈ ಊರಿಗೆ ಬಂದಿದ್ದರು. ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವರು ದಾಖಲಿಸಿದ್ದಾರೆ. ಇಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತೆಂದೂ ಹೇಳಿದ್ದಾರೆ.

ಇದನ್ನು ಹೇಳುತ್ತಿದ್ದಂತೆ ಎಂಟನೇ ತರಗತಿಯ ಹುಡುಗಿಯೊಬ್ಬಳು, “ಸರ್, ಹಾಗಾದರೆ ನಮ್ಮನ್ನು ಮೊದಲು ಯಾಕೆ ಬಿಟ್ಟಿದ್ದಿರಿ?” ಎಂದು ಕೇಳಿದಳು. ನಾನು ಉತ್ತರಿಸಲಾರದೆ ನಿಂತೆ.

ಹೌದು, ನಾನು ಬರೆದ ಮೊದಲ ಪಟ್ಟಿಯಲ್ಲಿ ಹುಡುಗರು ಮಾತ್ರ ಇದ್ದರು. ಹುಡುಗಿಯರ ಜವಾಬ್ದಾರಿ ಕಷ್ಟವೆಂದು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿದ್ದೆ. ಇಬ್ಬರು ತಾಯಂದಿರು ಶಾಲೆಗೆ ಬಂದು, “ನಾವೂ ಜೊತೆಗೆ ಬರುತ್ತೇವೆ, ಇವರನ್ನೂ ಕರೆದುಕೊಂಡು ಹೋಗಿ ಸರ್” ಎಂದ ಮೇಲೆ ಪಟ್ಟಿ ಬದಲಾಯಿತು. ಆ ತಾಯಂದಿರಿಗೆ ಈ ವೇದಿಕೆಯಿಂದ ಧನ್ಯವಾದ ಹೇಳುತ್ತೇನೆ.

ಪೋಷಕರೇ, ಸುಮಾರು ಏಳು ಶತಮಾನಗಳ ಹಿಂದೆ ನಮ್ಮ ಕರಾವಳಿಯ ಊರೊಂದು ದೂರದ ಪ್ರವಾಸಿಯ ನೆನಪಿನಲ್ಲಿ ಉಳಿದದ್ದು ಹೆಣ್ಣುಮಕ್ಕಳ ಶಾಲೆಗಳಿಂದ. ಮುಂದಿನ ವರ್ಷದ ಪ್ರವಾಸಕ್ಕೆ ಮಗನ ಹೆಸರಿನ ಜೊತೆ ಮಗಳ ಹೆಸರನ್ನೂ ಕೊಡಿ. ವಿದ್ಯಾರ್ಥಿಗಳೇ, ನಿಮ್ಮೂರಿನ ಹಳೆಯ ಬಾವಿ, ಕೋಟೆ, ಹೊಳೆಗಳ ಬಗ್ಗೆ ಹಿರಿಯರನ್ನು ಕೇಳಿ ಬರೆದಿಡಿ.