ಮಳೆ ಹಿಡಿದ ಮನೆಯಲ್ಲಿ ಹುಟ್ಟಿದ ಕಥೆ

(ಕರೋಲ್ ಬಾಗಿನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಡಲುಗಳ್ಳರ ಕಥೆಯೆಂದರೆ ಮಕ್ಕಳ ಓದು ಎಂದು ಹಿರಿಯರು ಪಕ್ಕಕ್ಕಿಡುವುದುಂಟು. ಆದರೆ 'ಟ್ರೆಷರ್ ಐಲೆಂಡ್', ಎಂದರೆ ನಿಧಿಯ ದ್ವೀಪ, ಒಂದು ಮನೆಯ ಹಿರಿಯರೂ ಕಿರಿಯರೂ ಕೂಡಿ ಬೆಳೆಸಿದ ಕಥೆ. ಆ ಸಂಗತಿಯನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಇದನ್ನು ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1850ರ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದನು. ತಂದೆ, ತಾತ ಇಬ್ಬರೂ ಸಮುದ್ರದಲ್ಲಿ ದೀಪಸ್ತಂಭ ಕಟ್ಟಿದ ಹೆಸರಾಂತ ಇಂಜಿನಿಯರರು. ಮಗ ಆ ವಿದ್ಯೆ ಬಿಟ್ಟು ಕಾನೂನು ಓದಿದ. 1875ರಲ್ಲಿ ವಕೀಲನಾದರೂ ವೃತ್ತಿ ಹಿಡಿಯಲಿಲ್ಲ. ಬರವಣಿಗೆಯೇ ಹಂಬಲ. ಚಿಕ್ಕಂದಿನಿಂದಲೂ ಎದೆಯ ಬೇನೆ. 1880ರಲ್ಲಿ ಫ್ಯಾನಿ ಎಂಬ ಅಮೆರಿಕದ ಮಹಿಳೆಯನ್ನು ಮದುವೆಯಾದ. ಆಕೆಗೆ ಮೊದಲ ಮದುವೆಯ ಮಗನೊಬ್ಬನಿದ್ದ, ಹೆಸರು ಲಾಯ್ಡ್.

1881ರ ಬೇಸಗೆ. ಬ್ರೇಮಾರ್ ಎಂಬ ಊರಿನಲ್ಲಿ ಸಂಸಾರ ಬಿಡಾರ ಮಾಡಿತ್ತು. ಹೊರಗೆ ಬಿಡದ ಮಳೆ. ಹದಿಮೂರು ವರ್ಷದ ಲಾಯ್ಡ್ ಬಣ್ಣದ ಪೆಟ್ಟಿಗೆ ತೆರೆದು ಚಿತ್ರ ಬರೆಯುತ್ತಿದ್ದ. ಸ್ಟೀವನ್‌ಸನ್ನನೂ ಜೊತೆಗೆ ಕೂತು ಒಂದು ದ್ವೀಪದ ನಕ್ಷೆ ಬರೆದ. ಆ ನಕ್ಷೆಯಿಂದ ಕಥೆ ಮೊಳೆಯಿತು. ದಿನಕ್ಕೊಂದು ಅಧ್ಯಾಯ, ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುವುದು. ಹುಡುಗನಿಗಿಂತ ಮುದುಕ ತಂದೆಗೇ ಹುಚ್ಚು ಹೆಚ್ಚಾಯಿತು! ಕಥೆಯ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಹಳೆಯ ಲಕೋಟೆಯ ಬೆನ್ನಮೇಲೆ ಪಟ್ಟಿ ಮಾಡಿಕೊಟ್ಟವರು ಅವರೇ. ಹದಿನೈದು ಅಧ್ಯಾಯಗಳಾದ ಮೇಲೆ ಲೇಖನಿ ನಿಂತಿತು. ಚಳಿಗಾಲಕ್ಕೆ ಆರೋಗ್ಯಕ್ಕಾಗಿ ಸ್ವಿಟ್ಜರ್ಲೆಂಡಿನ ದಾವೋಸಿಗೆ ಹೋದಾಗ ಉಳಿದದ್ದು ಮುಗಿಯಿತು. ಮೊದಲು ಹುಡುಗರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ, 1883ರಲ್ಲಿ ಪುಸ್ತಕವಾಗಿ ಬಂದಿತು. ಪುಸ್ತಕಕ್ಕೆ ಸಿಕ್ಕ ಹಣ ನೂರು ಪೌಂಡು.

ಕಥೆಯ ನಾಯಕ ಜಿಮ್ ಎಂಬ ಹುಡುಗ, ಕಡಲ ದಂಡೆಯ ಹೋಟೆಲಿನವನ ಮಗ. ಸತ್ತ ನಾವಿಕನ ಪೆಟ್ಟಿಗೆಯಲ್ಲಿ ನಿಧಿಯ ನಕ್ಷೆ ಸಿಗುತ್ತದೆ. ಊರ ದೊಡ್ಡವರೊಡನೆ ಹಡಗೇರುತ್ತಾನೆ. ಹಡಗಿನ ಅಡುಗೆಯವನೇ ಒಂಟಿಕಾಲಿನ ಸಿಲ್ವರ್. ನಗುಮೊಗ, ಸವಿಮಾತು. ಸೇಬಿನ ಪೀಪಾಯಿಯಲ್ಲಿ ಕೂತಿದ್ದ ಜಿಮ್ಮನಿಗೆ ಅವನ ಒಳಸಂಚು ಕಿವಿಗೆ ಬೀಳುತ್ತದೆ. ಇಷ್ಟಾದರೂ ಓದುಗನಿಗೆ ಸಿಲ್ವರನ ಮೇಲೆ ಪೂರ್ತಿ ದ್ವೇಷ ಹುಟ್ಟುವುದಿಲ್ಲ. ಮನುಷ್ಯನಲ್ಲಿ ಒಳಿತು ಕೆಡಕು ಹೇಗೆ ಬೆರೆತಿರುತ್ತವೆಂಬುದನ್ನು ಸ್ಟೀವನ್‌ಸನ್ ಅಷ್ಟು ಚೆನ್ನಾಗಿ ಬಲ್ಲ. ಕೊನೆಗೆ ನಿಧಿ ಯಾರ ಪಾಲಾಯಿತೆಂದು ನಾನು ಹೇಳಿಬಿಟ್ಟರೆ ತಾವು ಪುಸ್ತಕ ತೆಗೆದುಕೊಳ್ಳಲಿಕ್ಕಿಲ್ಲ.

ಮುಂದೆ ಆ ಲಾಯ್ಡನೂ ಲೇಖಕನಾಗಿ, ಸ್ಟೀವನ್‌ಸನ್ನನ ಜೊತೆಗೂಡಿ ಕಾದಂಬರಿ ಬರೆದ. ಸಂಸಾರ ದೂರದ ಸಮೋವಾ ದ್ವೀಪ ಸೇರಿತು. ಅಲ್ಲಿಯ ಜನ ಸ್ಟೀವನ್‌ಸನ್ನನನ್ನು 'ತುಸಿತಾಲ', ಕಥೆಗಾರ, ಎಂದು ಕರೆದರು. ಅಲ್ಲಿಯೇ 1894ರ ಡಿಸೆಂಬರ್ 3ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಜನ ಕಾಡು ಕಡಿದು ದಾರಿ ಮಾಡಿ, ಹೆಣವನ್ನು ಬೆಟ್ಟದ ತುದಿಗೆ ಹೊತ್ತು ಮಣ್ಣು ಮಾಡಿದರು.

ಬಂಧುಗಳೇ, ದೆಹಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್. ಕನ್ನಡ ಕಿವಿಗೆ ಬೀಳಬೇಕಾದರೆ ಮನೆಯವರ ಬಾಯಿಂದಲೇ ಬೀಳಬೇಕು. "ಊಟ ಮಾಡು, ಮಲಗು" ಎಂಬಷ್ಟು ಕನ್ನಡದಿಂದ ಭಾಷೆ ಉಳಿಯದು. ಕೆಲಸದಿಂದ ದಣಿದು ಬಂದರೂ ರಾತ್ರಿ ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಇಂಗ್ಲಿಷ್ ಬಲ್ಲವರು ಈ ಕಥೆಯನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ ಕನ್ನಡದಲ್ಲಿ ಹೇಳಿ. ಉಳಿದವರು ನಮ್ಮ ಕಪಾಟಿನ ಕನ್ನಡ ಕಥೆಗಳನ್ನು ಗಟ್ಟಿಯಾಗಿ ಓದಿ. "ಮುಂದೇನಾಯಿತು, ಅಪ್ಪಾ?" ಎಂದು ಮಗು ಕನ್ನಡದಲ್ಲಿ ಕೇಳಿದ ದಿನ ನಮ್ಮ ವಾಚನಾಲಯದ ಶ್ರಮ ಸಾರ್ಥಕ.