ಇನ್ನೊಂದು ವರ್ಷಕ್ಕೆ ಸಹಿ

ಒಂದು ಹಾಳೆಯ ವಿಷಯವನ್ನು ನಿಮ್ಮ ಮುಂದೆ ಹೇಳಬೇಕೆಂದು ಇಂದು ಬಂದಿದ್ದೇನೆ. ಆ ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ. ಮೇಲೆ ನನ್ನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ. ಕೆಳಗೆ ಎರಡು ಚೌಕ. ಒಂದರ ಎದುರು ‘ಒಪ್ಪಂದ ಮುಂದುವರಿಸಲು ಇಷ್ಟವಿದೆ’ ಎಂದಿತ್ತು, ಇನ್ನೊಂದರ ಎದುರು ‘ಇಷ್ಟವಿಲ್ಲ’ ಎಂದು. ಯಾವುದಾದರೂ ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ನವೆಂಬರ್ 30ರೊಳಗೆ ಶಾಲೆಯ ಕಚೇರಿಗೆ ಕೊಡಬೇಕಿತ್ತು. ಇದು 2011ರ ಮಾತು. ಸ್ಥಳ, ಮಾಲ್ಡೀವ್ಸ್ ದೇಶದ ಒಂದು ಸಣ್ಣ ದ್ವೀಪ. ಆ ಹಾಳೆಯನ್ನು ನಾನು ಹದಿನೆಂಟು ದಿನ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓಡಾಡಿದೆ.

ನಿಮ್ಮಲ್ಲಿ ಕೆಲವರು ಬಿ.ಎಡ್. ಮಾಡುವವರಿದ್ದೀರಿ, ಕೆಲವರು ಮುಂದೆ ಮಾಡಬೇಕೆಂದಿದ್ದೀರಿ. ವಿದೇಶದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದರೆ ಹೋಗಬೇಕೇ ಬೇಡವೇ ಎಂದು ನಿಮಗೆ ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ಹೋದ ಮೇಲೆ, ಕೆಲಸ ಮನಸ್ಸಿಗೆ ಹಿಡಿಸದೆ ಇದ್ದಾಗ, ಇನ್ನೊಂದು ವರ್ಷ ಉಳಿಯಬೇಕೇ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಸಲಹೆ ಕೊಡುವವರು ಕಡಿಮೆ. ನಾನು ಮಾತನಾಡುವುದು ಈ ಎರಡನೆಯ ಪ್ರಶ್ನೆಯ ಬಗ್ಗೆ.

ಮೊದಲು ಆ ದೇಶದ ಪರಿಚಯ ಸ್ವಲ್ಪ ಇರಲಿ. ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಊರಿನ ಜನ ವಾಸಮಾಡುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಪ್ರತಿ ಊರಿಗೂ ಶಾಲೆ ಬೇಕು, ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಸ್ಥಳೀಯ ಶಿಕ್ಷಕರು ಎಲ್ಲಕ್ಕೂ ಸಾಲುವುದಿಲ್ಲ. ಹೀಗಾಗಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಲು ನಮ್ಮ ದೇಶದಿಂದ, ಅದರಲ್ಲೂ ಕೇರಳ, ತಮಿಳುನಾಡುಗಳಿಂದ, ಶಿಕ್ಷಕರು ಹೋಗುತ್ತಾರೆ. ಕನ್ನಡಿಗರು ಅಲ್ಲೊಬ್ಬರು ಇಲ್ಲೊಬ್ಬರು. ನಮಗೆ ಆ ಕಡೆಯ ಸಮುದ್ರ ಅಷ್ಟೊಂದು ಪರಕೀಯವೇನಲ್ಲ. ಲಕ್ಷದ್ವೀಪದ ಉತ್ತರ ಭಾಗವಾದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದೇ ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ನಲ್ಲಿ ಆಡುವುದು ಮಾಲ್ಡೀವ್ಸ್‌ನ ದಿವೇಹಿ ಭಾಷೆಯ ಒಂದು ರೂಪವನ್ನು. ಅಲ್ಲಿಯೂ ದೋಣಿಗೆ ದೋಣಿ ಎಂದೇ ಹೆಸರು. ಮೊದಲ ದಿನ ಆ ಪದ ಕಿವಿಗೆ ಬಿದ್ದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ದಿವೇಹಿಯ ಲಿಪಿಗೆ ತಾನ ಎನ್ನುತ್ತಾರೆ. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ; ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬೀ ಅಂಕಿಗಳಿಂದ. ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಜನರ ಮಕ್ಕಳಿಗೆ ಗಣಿತವೆಂದರೆ ಭಯ! ಏನು ಹೇಳೋಣ, ನಮ್ಮ ಮಕ್ಕಳಿಗೂ ಅದೇ ಭಯ ತಾನೇ.

ನಾನು ಸಾಗರದ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಆರು ವರ್ಷ ಕಡಿಮೆ ಸಂಬಳಕ್ಕೆ ದುಡಿದು, ತಮ್ಮನ ಇಂಜಿನಿಯರಿಂಗ್ ಶುಲ್ಕಕ್ಕೆ ದಾರಿ ಕಾಣದೆ, 2010ರ ಜನವರಿಯಲ್ಲಿ ಅಲ್ಲಿಗೆ ಹೋದೆ. ಎರಡು ವರ್ಷದ ಒಪ್ಪಂದ. ಆಗ ಅಲ್ಲಿ ಶಾಲಾವರ್ಷ ಜನವರಿಯಲ್ಲಿ ಆರಂಭವಾಗುತ್ತಿತ್ತು.

ಏನು ಹಿಡಿಸಲಿಲ್ಲ? ನನ್ನನ್ನು ನೇಮಿಸಿಕೊಂಡದ್ದು ಗಣಿತಕ್ಕೆ. ಹೋದ ಮೂರನೆಯ ವಾರವೇ ಕಂಪ್ಯೂಟರ್ ಪಾಠವನ್ನೂ ತಲೆಗೆ ಕಟ್ಟಿದರು. ನನಗೆ ಗೊತ್ತಿದ್ದದ್ದು ಟೈಪ್ ಮಾಡುವುದು ಮಾತ್ರ. ಹಿಂದಿನ ರಾತ್ರಿ ಓದಿಕೊಂಡು ಮರುದಿನ ಬೆಳಿಗ್ಗೆ ಹೇಳುವುದು. ಮಕ್ಕಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ವಾರಕ್ಕೊಮ್ಮೆ ಪಾಠಯೋಜನೆಯನ್ನು ಮೂರು ಪ್ರತಿ ಬರೆದು ಕೊಡಬೇಕು, ಯಾರೂ ಓದುತ್ತಿರಲಿಲ್ಲ. ವಾರದ ರಜೆ ಶುಕ್ರವಾರ, ಶನಿವಾರ. ಊರಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಇರುವ ಭಾನುವಾರ ನನಗೆ ತರಗತಿ. ಇವೆಲ್ಲ ಸಹಿಸುವಂಥವು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ಸಹಿಸಲಾಗದೆ ಹೋದದ್ದು ಬೇರೆ. ಅಲ್ಲಿ ಹತ್ತನೆಯ ತರಗತಿಯ ಮಕ್ಕಳು ಕೇಂಬ್ರಿಡ್ಜ್‌ನ ಓ ಲೆವೆಲ್ ಪರೀಕ್ಷೆ ಕಟ್ಟುತ್ತಿದ್ದರು. 2011ರಲ್ಲಿ ನನ್ನ ತರಗತಿಯ ಆರು ಮಕ್ಕಳನ್ನು ಗಣಿತಕ್ಕೆ ಕೂರಿಸುವುದು ಬೇಡವೆಂದು ಶಾಲೆ ತೀರ್ಮಾನಿಸಿತು. ಕೂತರೆ ಫೇಲಾಗುತ್ತಾರೆ, ಶಾಲೆಯ ಶೇಕಡಾವಾರು ಇಳಿಯುತ್ತದೆ ಎಂಬುದು ಕಾರಣ. ಆ ಆರು ಹೆಸರುಗಳ ಪಟ್ಟಿ ಮಾಡಿಕೊಡುವ ಕೆಲಸ ನನ್ನದು. ಮಾಡಿಕೊಟ್ಟೆ. ಅವರಲ್ಲಿ ಒಬ್ಬ ಹುಡುಗ, ಮೀನುಗಾರರ ಮಗ, ಪರೀಕ್ಷೆಯ ದಿನ ಶಾಲೆಯ ಗೋಡೆಯ ಆಚೆ ಸೈಕಲ್ ಮೇಲೆ ಕೂತು ಒಳಗೆ ನೋಡುತ್ತಿದ್ದ. ನಾನು ಪರೀಕ್ಷೆಯ ಕೋಣೆಯ ಕಿಟಕಿ ಹಾಕಿದೆ. ಗಾಳಿಗೆ ಕಾಗದ ಹಾರುತ್ತವೆಂದು ನನಗೆ ನಾನೇ ಹೇಳಿಕೊಂಡೆ.

ಈ ಪರೀಕ್ಷೆಗಳು ಮುಗಿಯುತ್ತಿದ್ದಂತೆಯೇ ಆ ಹಾಳೆ ಕೈಗೆ ಬಂತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಒಪ್ಪಂದದ ಪ್ರಶ್ನೆ ಬರುವ ಹೊತ್ತು ನಾವು ದಣಿದಿರುವ ಹೊತ್ತೇ ಆಗಿರುತ್ತದೆ. ಜಪಾನ್ ಸರ್ಕಾರ 1987ರಲ್ಲಿ ಆರಂಭಿಸಿದ ಜೆಟ್ ಎಂಬ ಯೋಜನೆಯಿದೆ. ವಿದೇಶಿ ಯುವಕ ಯುವತಿಯರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಪಾಠಕ್ಕೆ ನೆರವಾಗುತ್ತಾರೆ. ಒಂದೊಂದು ವರ್ಷದ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. ಅವಧಿ ಮುಗಿಯುವುದು ಬೇಸಿಗೆಯಲ್ಲಾದರೂ, ಉಳಿಯುತ್ತೀರಾ ಎಂದು ಕೇಳುವುದು ಹಲವು ತಿಂಗಳು ಮೊದಲು, ಚಳಿಗಾಲದಲ್ಲಿ. ಹೊಸಬರು ಮನೆಯನ್ನು ನೆನೆದು ಕೊರಗುವ ಕಾಲ ಅದು. ಆ ಕತ್ತಲೆಯಲ್ಲಿ ಅವರು ಮುಂದಿನ ವರ್ಷವನ್ನು ನಿರ್ಧರಿಸಬೇಕು. ಹಾಗೆಂದು ದಣಿವೆಲ್ಲ ಸುಳ್ಳು ಎನ್ನುತ್ತಿಲ್ಲ. ದಣಿವು ಯಾವುದು, ದೂರು ಯಾವುದು ಎಂದು ಬಿಡಿಸಿ ನೋಡಬೇಕಾಗುತ್ತದೆ.

ಹಣದ ಲೆಕ್ಕವನ್ನೂ ನೋಡಿದೆ. ಗಣಿತದ ಟೀಚರ್ ಅಲ್ಲವೇ! ಸಂಬಳ ಅಲ್ಲಿನ ರುಫಿಯಾದಲ್ಲಿ. ನಾನು ಹೋದಾಗ ಒಂದು ಡಾಲರ್‌ಗೆ 12.80 ರುಫಿಯಾ ಇತ್ತು. 2011ರ ಏಪ್ರಿಲ್‌ನಲ್ಲಿ ಸರ್ಕಾರ ಬಿಗಿಯನ್ನು ಸಡಿಲಿಸಿತು, ದರ 15.42ಕ್ಕೆ ಹೋಯಿತು. ಲೆಕ್ಕದ ಅನುಕೂಲಕ್ಕೆ 12,800 ರುಫಿಯಾ ಸಂಬಳ ಎಂದಿಟ್ಟುಕೊಳ್ಳಿ. ಮೊದಲು ಅದು 1,000 ಡಾಲರ್. ಆಮೇಲೆ ಸುಮಾರು 830. ಒಂದೇ ಬಾರಿಗೆ ಶೇಕಡಾ 17 ಮಾಯ. ಆದರೆ ಅದೇ ಏಪ್ರಿಲ್‌ನಲ್ಲಿ ಡಾಲರ್‌ಗೆ 44 ರೂಪಾಯಿ ಇದ್ದದ್ದು ನವೆಂಬರ್ ಕೊನೆಗೆ ಸುಮಾರು 52 ಆಯಿತು. 1,000ವನ್ನು 44ರಿಂದ ಗುಣಿಸಿ, 830ನ್ನು 52ರಿಂದ ಗುಣಿಸಿ. ಹತ್ತಿರಹತ್ತಿರ ಅಷ್ಟೇ ಬರುತ್ತದೆ. ಅಲ್ಲಿನ ಹಣ ಬಿದ್ದದ್ದನ್ನು ನಮ್ಮ ರೂಪಾಯಿ ಬಿದ್ದದ್ದು ತುಂಬಿಕೊಟ್ಟಿತು! ವಿದೇಶದ ಸಂಬಳ ಎಷ್ಟೆಂದು ಕೇಳುವ ಮೊದಲು ಯಾವ ನಾಣ್ಯದಲ್ಲಿ ಎಂದು ಕೇಳಿ. ಹಣದ ಕಾರಣಕ್ಕೆ ಉಳಿಯುವುದೂ ಇಲ್ಲ, ಬರುವುದೂ ಇಲ್ಲ ಎಂದು ನನಗೆ ಆಗ ಸ್ಪಷ್ಟವಾಯಿತು. ತಮ್ಮನ ಕೊನೆಯ ವರ್ಷದ ಶುಲ್ಕ ಮಾತ್ರ ಬಾಕಿ ಇತ್ತು.

ಊರಿಗೆ ಫೋನ್ ಮಾಡಿದೆ. ಅಮ್ಮ, “ಸಾಕು ಮಗಾ, ಬಂದ್ಬಿಡು” ಎಂದಳು. ಅಪ್ಪ ಫೋನ್ ತೆಗೆದುಕೊಂಡು, “ಬರೋದಾದ್ರೆ ಬಾ, ಬೈಯೋರು ಯಾರೂ ಇಲ್ಲ. ಸಿಟ್ಟಲ್ಲಿ ಮಾತ್ರ ಬರ್ಬೇಡ” ಎಂದರು. ಆ ಮಾತು ನನಗೆ ಒಗಟಾಯಿತು. ಸಿಟ್ಟು ಬರಬೇಡವೇ? ಆರು ಮಕ್ಕಳ ಹೆಸರನ್ನು ನನ್ನ ಕೈಯಿಂದಲೇ ಬರೆಸಿದ್ದರಲ್ಲ!

ನಮ್ಮ ಶಾಲೆಯಲ್ಲಿ ಕೊಲ್ಲಂ ಕಡೆಯ ಒಬ್ಬ ಹಿರಿಯ ಶಿಕ್ಷಕಿ ಇದ್ದರು. ಹತ್ತು ವರ್ಷದಿಂದ ಅಲ್ಲೇ ಇದ್ದವರು. ನನ್ನನ್ನು ‘ಮೋಳೇ’ ಎಂದು ಕರೆಯುತ್ತಿದ್ದರು, ಮಲಯಾಳದಲ್ಲಿ ಮಗಳೇ ಎಂದರ್ಥ. ನಾನು ಅವರನ್ನು ಚೇಚಿ ಎನ್ನುತ್ತಿದ್ದೆ. ಒಂದು ಸಂಜೆ ಜೆಟ್ಟಿಯ ಮೇಲೆ ಕೂತು ನನ್ನ ದೂರುಗಳನ್ನೆಲ್ಲ ಹೇಳಿದೆ. ಕೇಳಿಕೊಂಡು, “ಎರಡು ವರ್ಷದಿಂದ ಇದನ್ನೆಲ್ಲ ನನಗೆ ಹೇಳುತ್ತಿದ್ದೀಯ. ಆಫೀಸಿಗೆ ಹೇಳಿದ್ದೀಯಾ?” ಎಂದರು.

“ಹೇಳಿದರೆ ತೆಗೆದುಹಾಕುತ್ತಾರೆ, ಚೇಚಿ.”

“ಮಾರ್ಚ್‌ನಲ್ಲಿ ಹೇಳಿದ್ದರೆ ತೆಗೆಯುತ್ತಿದ್ದರೋ ಏನೋ. ಈ ತಿಂಗಳು ತೆಗೆಯುವುದಿಲ್ಲ. ಜನವರಿಗೆ ಅವರಿಗೆ ಗಣಿತದ ಟೀಚರ್ ಬೇಕು ಮೋಳೇ.”

ನನಗೆ ಅಷ್ಟರವರೆಗೆ ಹೊಳೆಯದೇ ಇದ್ದದ್ದು ಇದು. ಆ ಹಾಳೆಯಲ್ಲಿ ಅವರು ನನ್ನನ್ನು ಕೇಳುತ್ತಿದ್ದಾರೆ, ನಾನು ಅವರನ್ನು ಏನೂ ಕೇಳುವಂತಿಲ್ಲ ಎಂದು ಭಾವಿಸಿದ್ದೆ. ಒಪ್ಪಂದದ ಮೇಲೆ ದುಡಿಯುವ ಶಿಕ್ಷಕನಿಗೆ ಸಂಘವಿಲ್ಲ, ಬಡ್ತಿಯಿಲ್ಲ, ವರ್ಷದ ನಡುವೆ ಮಾತನಾಡಿದರೆ ಕೇಳುವವರಿಲ್ಲ. ಆದರೆ ಒಪ್ಪಂದ ಮುಗಿಯುವ ಆ ಕೆಲವು ವಾರ ಅವನ ಮಾತಿಗೆ ತೂಕವಿದೆ. ಹೊಸಬರನ್ನು ಹುಡುಕಬೇಕು, ಅವರ ಪ್ರಮಾಣಪತ್ರ ಪರಿಶೀಲಿಸಬೇಕು, ವೀಸಾ, ಟಿಕೆಟ್, ಎಲ್ಲ ಆಗಿ ಅವರು ಬಂದು ಇಳಿಯುವಷ್ಟರಲ್ಲಿ ಫೆಬ್ರವರಿ. ಶಾಲೆಗೂ ಇದು ಗೊತ್ತು. ಎರಡು ಚೌಕಗಳ ನಡುವೆ ಜಾಗವಿದೆ.

ಆ ರಾತ್ರಿ ದೂರುಗಳನ್ನೆಲ್ಲ ಬರೆದೆ, ಹದಿನಾಲ್ಕು ಆದವು. ಇವುಗಳಲ್ಲಿ ಯಾವುದು ಸಾಗರಕ್ಕೆ ಹಿಂದಿರುಗಿದರೆ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿಕೊಂಡೆ. ಒಂಟಿತನ ಹೋಗುತ್ತಿತ್ತು, ಭಾನುವಾರ ಮರಳುತ್ತಿತ್ತು. ಆ ಆರು ಮಕ್ಕಳ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ನಮ್ಮೂರಿನ ಶಾಲೆಯಲ್ಲಿಯೂ ಹತ್ತನೆಯ ತರಗತಿಯ ಫಲಿತಾಂಶ ಕೆಡಬಾರದೆಂದು ಓದಿನಲ್ಲಿ ಹಿಂದಿದ್ದ ಮಕ್ಕಳಿಗೆ ಒಂಬತ್ತರಲ್ಲೇ ವರ್ಗಾವಣೆ ಪತ್ರ ಕೊಟ್ಟು ಕಳಿಸುತ್ತಿದ್ದರು. ಆರು ವರ್ಷ ನಾನು ಅದನ್ನು ಕಂಡೂ ಸುಮ್ಮನಿದ್ದೆ. ಅಲ್ಲಿ ಸಿಟ್ಟು ಬಂದಿರಲಿಲ್ಲ. ಪರದೇಶದಲ್ಲಿ ಬಂತು, ಪರದೇಶದ ಮೇಲೆ ಬಂತು. ಅಪ್ಪ ಹೇಳಿದ್ದರ ಅರ್ಥ ಇದೇ ಎಂದು ಹೇಳಲಾರೆ. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಆದರೂ ಅಂದು ನನಗೆ ಹಾಗೆ ಅರ್ಥವಾಯಿತು.

ಮರುದಿನ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆದೆ. ಉಳಿಯುವುದಾದರೆ ಒಂದು ವರ್ಷಕ್ಕೆ ಮಾತ್ರ. ಕಂಪ್ಯೂಟರ್ ಪಾಠ ನನಗೆ ಬೇಡ. ಪಾಠಯೋಜನೆ ಒಂದೇ ಪ್ರತಿ. ಒಂಬತ್ತರ ತರಗತಿಯಲ್ಲಿ ಗಣಿತ ಬಾರದ ಮಕ್ಕಳನ್ನು ಹತ್ತಕ್ಕೆ ನನಗೇ ಕೊಡಬೇಕು, ಮಧ್ಯಾಹ್ನ ಬೇರೆ ತರಗತಿ ಮಾಡುತ್ತೇನೆ, ಅವರನ್ನು ಪರೀಕ್ಷೆಗೆ ಕೂರಿಸಬೇಕು. ಅವರು ಓದಿದರು, ಬಹಳ ಹೊತ್ತು ಏನೂ ಹೇಳಲಿಲ್ಲ. ಕಂಪ್ಯೂಟರ್ ಬಿಟ್ಟುಕೊಟ್ಟರು. ಮೂರು ಪ್ರತಿಯನ್ನು ಬಿಡಲಿಲ್ಲ, ಅದು ಮೇಲಿನ ಆದೇಶವಂತೆ. ಮಕ್ಕಳ ವಿಷಯದಲ್ಲಿ, “ಪೋಷಕರು ಲಿಖಿತವಾಗಿ ಕೇಳಿದರೆ ಕೂರಿಸೋಣ” ಎಂದರು. ನಾನು ಸಹಿ ಮಾಡಿದೆ.

ಎಲ್ಲರಿಗೂ ಹೀಗೆ ಆಗುತ್ತದೆಂದು ನೀವು ತಿಳಿಯಬೇಡಿ. ಪತ್ರವನ್ನು ಮೇಜಿನ ಮೇಲೆ ಬಿಸಾಡಿ ಕಳಿಸುವವರೂ ಇದ್ದಾರೆ. ಅಂಥಲ್ಲಿ ಉತ್ತರ ಬೇಗ ಸಿಕ್ಕಿತು, ಅಷ್ಟೇ. ಇನ್ನು ಸಂಬಳವನ್ನೇ ತಡೆಹಿಡಿಯುವ, ಪಾಸ್‌ಪೋರ್ಟನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಕಡೆ ಇಷ್ಟೆಲ್ಲ ಯೋಚಿಸಬೇಕಾಗಿಯೇ ಇಲ್ಲ. ನಮ್ಮ ರಾಯಭಾರ ಕಚೇರಿಗೆ ಹೋಗಬೇಕು, ಊರಿಗೆ ಬರಬೇಕು. ಹೋಗುವ ಮೊದಲೇ ಒಪ್ಪಂದದಲ್ಲಿ ನಿಮ್ಮ ವಿಷಯದ ಹೆಸರು, ವಾರದ ಪೀರಿಯಡ್ಡುಗಳ ಸಂಖ್ಯೆ, ನಡುವೆ ಬಿಟ್ಟರೆ ಎಷ್ಟು ತಿಂಗಳ ಮುನ್ಸೂಚನೆ, ಹಿಂದಿರುಗುವ ಟಿಕೆಟ್ ಯಾರದು ಎಂಬುದು ಬರಹದಲ್ಲಿರಲಿ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ನೇಮಿಸಿ ಕಳಿಸುವ ಏಜೆಂಟರು ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ.

ಹೋದ ಕಡೆಯೇ ಬೇರೂರಿದವರೂ ಇದ್ದಾರೆ. ಕೆನಡಾದ ಪಾದ್ರಿ ವಿಲಿಯಂ ಮ್ಯಾಕಿ 1963ರಲ್ಲಿ ಪಾಠ ಹೇಳಲು ಭೂತಾನಕ್ಕೆ ಹೋದವರು 1995ರಲ್ಲಿ ಅಲ್ಲೇ ತೀರಿಕೊಂಡರು. ಅಂಥವರನ್ನು ನೆನೆದು ಕೈಮುಗಿಯೋಣ. ತಮ್ಮನ ಶುಲ್ಕಕ್ಕೆಂದು ಹೋದ ನನ್ನಂಥವರ ಅಳತೆ ಬೇರೆ.

2012ರ ನವೆಂಬರ್‌ನಲ್ಲಿ ಮತ್ತೆ ಅದೇ ಹಾಳೆ ಬಂತು. ತಮಾಷೆ ನೋಡಿ, ಆ ಹೊತ್ತಿಗೆ ನನಗೆ ಕೆಲಸ ಹಿಡಿಸಿತ್ತು. ದಿವೇಹಿಯಲ್ಲಿ ಲೆಕ್ಕ ಹೇಳುವಷ್ಟು ಕಲಿತಿದ್ದೆ. ಮಕ್ಕಳು ದಾರಿಯಲ್ಲಿ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಆದರೂ ‘ಇಷ್ಟವಿಲ್ಲ’ ಎಂಬುದಕ್ಕೆ ಗುರುತು ಹಾಕಿ ಅದೇ ದಿನ ಕೊಟ್ಟೆ. ತಮ್ಮನ ಓದು ಮುಗಿದಿತ್ತು. ನಮ್ಮಲ್ಲಿ ಸರ್ಕಾರಿ ಶಿಕ್ಷಕರ ನೇಮಕಾತಿಗೆ ವಯೋಮಿತಿಯಿದೆ. ಇನ್ನೊಂದೆರಡು ವರ್ಷ ತಡೆದರೆ ನನಗೆ ಅರ್ಜಿ ಹಾಕುವ ಅರ್ಹತೆಯೇ ಇರುತ್ತಿರಲಿಲ್ಲ. ಅಲ್ಲಿ ಕಳೆಯುವ ಒಂದು ವರ್ಷಕ್ಕೆ ಸಂಬಳವೊಂದೇ ಅಲ್ಲ, ಇಲ್ಲಿ ಓಡುವ ಗಡಿಯಾರದ ಲೆಕ್ಕವೂ ಸೇರುತ್ತದೆ. ಬೇಸರದಲ್ಲಿ ಉಳಿದವಳು, ಸಂತೋಷದಲ್ಲಿದ್ದಾಗ ಹೊರಟುಬಂದೆ. ಜೆಟ್ಟಿಯಲ್ಲಿ ಚೇಚಿ ಅತ್ತರು, ನಾನೂ ಅತ್ತೆ.

ಆ ವರ್ಷ ಐದು ಮಕ್ಕಳ ಪೋಷಕರು ಬರೆದುಕೊಟ್ಟು, ಐವರೂ ಗಣಿತದ ಪರೀಕ್ಷೆಗೆ ಕೂತಿದ್ದರು. ಫಲಿತಾಂಶ ಬಂದಾಗ ನಾನು ಸಾಗರದಲ್ಲಿದ್ದೆ. ಚೇಚಿ ಫೋನ್ ಮಾಡಿದರು. ಇಬ್ಬರು ಪಾಸಾಗಿದ್ದರು, ಮೂವರು ಆಗಿರಲಿಲ್ಲ. ಶಾಲೆಯ ಶೇಕಡಾವಾರು ಸ್ವಲ್ಪ ಇಳಿದಿತ್ತು, ಮುಖ್ಯೋಪಾಧ್ಯಾಯರ ಮುಖವೂ ಇಳಿದಿತ್ತಂತೆ. ಫೇಲಾದ ಮೂವರಲ್ಲಿ ಒಬ್ಬಳು ಮತ್ತೆ ಕಟ್ಟುತ್ತೇನೆಂದು ಚೇಚಿಯ ಮನೆಗೆ ಬಂದು ನನ್ನ ಹಳೆಯ ನೋಟ್ಸ್ ಕೇಳಿದ್ದಳಂತೆ. ಅವು ನನ್ನ ಪೆಟ್ಟಿಗೆಯಲ್ಲಿ ಸಾಗರಕ್ಕೆ ಬಂದುಬಿಟ್ಟಿದ್ದವು. ಮರುದಿನ ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ.