ಮಣ್ಣಿಗೆ ಬಂದ ಪ್ರಭು

(ಪಾಸ್ಖ ಜಾಗರಣೆಯ ರಾತ್ರಿ ನೀಡಿದ ಪ್ರಬೋಧನೆ. ವಾಚನ: ರೋಮನರಿಗೆ 6:3-11)



ನಿನ್ನೆ ಬೆಳಿಗ್ಗೆ ನಾವೆಲ್ಲರೂ ಸೇರಿ ಶಿಲುಬೆಹಾದಿ ನಡೆದೆವು. ಬಿಸಿಲು ಏರುವ ಮುಂಚೆ ಮುಗಿಸಬೇಕೆಂದು ಬೇಗನೆ ಹೊರಟರೂ ಹನ್ನೆರಡನೆಯ ಸ್ಥಳಕ್ಕೆ ಬರುವಷ್ಟರಲ್ಲಿ ಎಲ್ಲರ ನೆತ್ತಿಯೂ ಕಾದಿತ್ತು. ಆದರೂ ಪ್ರಭು ಪ್ರಾಣಬಿಟ್ಟ ಆ ಸ್ಥಳದಲ್ಲಿ ನೀವೆಲ್ಲರೂ ಕಲ್ಲುಮಣ್ಣಿನ ಮೇಲೆ ಮೊಣಕಾಲೂರಿದಿರಿ, ಕೆಲವರು ಕಣ್ಣೀರಿಟ್ಟಿರಿ. ಹದಿನಾಲ್ಕನೆಯ ಸ್ಥಳದಲ್ಲಿ ಏನಾಯಿತು? ಮಕ್ಕಳು ನೀರು ಕೇಳುತ್ತಿದ್ದರು, ಹಿಂದಿನವರು ಬಿಟ್ಟ ಚಪ್ಪಲಿ ಹುಡುಕುತ್ತಿದ್ದರು, ಯುವಕರು ಗಂಜಿ ಬಡಿಸಲು ಆಗಲೇ ಹೊರಟಿದ್ದರು. ನಿಮ್ಮನ್ನು ದೂರುತ್ತಿಲ್ಲ. ಆ ಸ್ಥಳದ ಪ್ರಾರ್ಥನೆಯನ್ನು ನಾನೂ ಅವಸರದಲ್ಲೇ ಓದಿ ಮುಗಿಸಿದೆ. ಪ್ರಭುವನ್ನು ಸಮಾಧಿಯಲ್ಲಿ ಇಟ್ಟದ್ದು ನಮಗೆ ಕಥೆ ಮುಗಿದ ಮೇಲಿನ ಕೆಲಸದಂತೆ ಆಗಿಬಿಟ್ಟಿದೆ. ಶುಕ್ರವಾರ ಅಳುತ್ತೇವೆ, ಭಾನುವಾರ ನಗುತ್ತೇವೆ. ನಡುವಿನ ಶನಿವಾರ ಚರ್ಚು ತೊಳೆಯಲು, ಹೂವು ಕಟ್ಟಲು, ಮಾಂಸಕ್ಕೆ ಹೇಳಿಬರಲು ಹೋಗುತ್ತದೆ.

ಸಂತ ಪೌಲರು ಹಾಗೆ ಅವಸರಪಡಲಿಲ್ಲ. ಕೊರಿಂಥದ ಕ್ರೈಸ್ತರಿಗೆ, ತಾವು ಹಿಂದಿನವರಿಂದ ಪಡೆದ ವಿಶ್ವಾಸವನ್ನು ನಾಲ್ಕೇ ಮಾತಿನಲ್ಲಿ ನೆನಪಿಸುವಾಗ, ಕ್ರಿಸ್ತರು ಸತ್ತರು, ಎದ್ದರು ಎಂದಷ್ಟೇ ಹೇಳದೆ, ನಡುವೆ ಅವರನ್ನು ಹೂಳಲಾಯಿತು ಎಂಬುದನ್ನೂ ಸೇರಿಸುತ್ತಾರೆ. ಪ್ರತಿ ಭಾನುವಾರ ನಾವು ಹೇಳುವ ವಿಶ್ವಾಸಪ್ರಮಾಣವನ್ನೇ ನೋಡಿ. 325ರಲ್ಲಿ ನಿಸೇಯ ಮಹಾಸಭೆ ಬರೆದ ಮೊದಲ ಪಠ್ಯದಲ್ಲಿ ಪ್ರಭು ಪಾಡುಪಟ್ಟರು, ಮೂರನೆಯ ದಿನ ಎದ್ದರು ಎಂದಷ್ಟೇ ಇತ್ತು. ಆ ಮಹಾಸಭೆಗೆ 2025ರಲ್ಲಿ 1700 ವರ್ಷ ತುಂಬಿತು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸಪ್ರಮಾಣದಲ್ಲಿ ಶಿಲುಬೆಯ ಮಾತೂ ಸಮಾಧಿಯ ಮಾತೂ ಸೇರಿದವು. ಸಮಾಧಿ ದೊಡ್ಡ ಸಂಗತಿ ಅಲ್ಲದಿದ್ದರೆ ನಮ್ಮ ಪಿತೃಗಳು ಅದಕ್ಕಾಗಿ ಅಲ್ಲಿ ಜಾಗ ಮಾಡುತ್ತಿರಲಿಲ್ಲ.

ಪ್ರಭುವಿನ ಶರೀರವನ್ನು ಕೆಳಗಿಳಿಸಿದವರು ಯಾರು? ಹನ್ನೆರಡು ಮಂದಿ ಪ್ರೇಷಿತರಲ್ಲ. ಅರಿಮತಾಯದ ಜೋಸೆಫ್, ಮತ್ತು ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದಿದ್ದ ನಿಕೊದೇಮ. ಇಬ್ಬರೂ ಹೆದರಿ ಹೆದರಿ ಶಿಷ್ಯರಾಗಿದ್ದವರು. ಯೇಸು ಬದುಕಿದ್ದಾಗ ಬಾಯಿಬಿಡದ ಜೋಸೆಫ್, ಯೇಸು ಸತ್ತ ಮೇಲೆ ನೇರವಾಗಿ ಪಿಲಾತನ ಬಳಿಗೆ ಹೋಗುತ್ತಾರೆ. ಶಿಲುಬೆಗೆ ಹಾಕಿಸಿಕೊಂಡವನ ಕಡೆಯವನೆಂದು ಗುರುತಿಸಿಕೊಳ್ಳುವುದು ಆ ದಿನ ಸಣ್ಣ ಧೈರ್ಯವಾಗಿರಲಿಲ್ಲ. ಅಂಥವರ ಹೆಣಗಳನ್ನು ರೋಮನರು ಎಷ್ಟೋ ಸಲ ಹಾಗೆಯೇ ಬಿಟ್ಟುಬಿಡುತ್ತಿದ್ದರು. ಆದರೆ ಯೆಹೂದ್ಯರ ಧರ್ಮಶಾಸ್ತ್ರ, ಮರಕ್ಕೆ ತೂಗುಹಾಕಿದವನನ್ನೂ ಅದೇ ದಿನ ಹೂಳಬೇಕು ಎನ್ನುತ್ತದೆ. ಶಿಲುಬೆಗೇರಿದವರಿಗೂ ಸಮಾಧಿ ಸಿಗುತ್ತಿತ್ತು ಎಂಬುದಕ್ಕೆ 1968ರಲ್ಲಿ ಜೆರುಸಲೇಮಿನಲ್ಲಿ ಸಾಕ್ಷಿಯೂ ದೊರೆಯಿತು. ಕಲ್ಲಿನ ಅಸ್ಥಿಪೆಟ್ಟಿಗೆಯೊಂದರಲ್ಲಿ ಯೆಹೊಹಾನನ್ ಎಂಬವನ ಮೂಳೆಗಳಿದ್ದವು. ಅವನ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಇನ್ನೂ ನಾಟಿಕೊಂಡಿತ್ತು. ಯಾರೋ ಅವನನ್ನೂ ಇಳಿಸಿ, ತೊಳೆದು, ಮನೆಯವರ ಜೊತೆ ಮಲಗಿಸಿದ್ದರು.

ಬಂಡೆಯಲ್ಲಿ ಕೊರೆದ ಆ ಹೊಸ ಸಮಾಧಿ ಜೋಸೆಫರ ಸ್ವಂತದ್ದು ಎಂದು ಸಂತ ಮತ್ತಾಯರು ಹೇಳುತ್ತಾರೆ. ರಾಮನಗರ, ಮಾಗಡಿ, ಕನಕಪುರದ ಜನಕ್ಕೆ ಕಲ್ಲು ಕೊರೆಯುವುದು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ತಂದೆ ತಾತಂದಿರ ಅಂಗೈ ನೋಡಿದ್ದೀರಿ. ಜೆರುಸಲೇಮಿನ ಸುಣ್ಣಕಲ್ಲು ನಮ್ಮ ಗ್ರಾನೈಟಿನಷ್ಟು ಗಟ್ಟಿಯಲ್ಲ, ನಿಜ. ಆದರೂ ಒಂದು ಕೋಣೆ ಕೊರೆಯಲು ಎಷ್ಟು ಉಳಿ ಸವೆದಿರಬೇಕು! ತನಗಾಗಿ, ತನ್ನ ಮಕ್ಕಳಿಗಾಗಿ ಮಾಡಿಸಿಟ್ಟುಕೊಂಡದ್ದನ್ನು ಆ ಮನುಷ್ಯ ಬಿಟ್ಟುಕೊಟ್ಟ. ಹುಟ್ಟುವಾಗ ಬೇರೆಯವರ ಗೋದಲಿ, ಸತ್ತಾಗ ಬೇರೆಯವರ ಸಮಾಧಿ: ನಮ್ಮ ಪ್ರಭುವಿಗೆ ಈ ಲೋಕದಲ್ಲಿ ಸ್ವಂತದ್ದೆಂಬುದು ಇರಲೇ ಇಲ್ಲ. ನಿಕೊದೇಮ ತಂದ ರಕ್ತಬೋಳ ಮತ್ತು ಅಗರುವಿನ ಮಿಶ್ರಣ ಇಂದಿನ ಲೆಕ್ಕದಲ್ಲಿ ಮೂವತ್ತು ಕಿಲೋ ದಾಟುತ್ತದೆ. ಅರಸನ ಶವಸಂಸ್ಕಾರಕ್ಕೆ ಆಗುವಷ್ಟು. ತಡವಾಗಿ ಬಂದ ಪ್ರೀತಿ ಹೀಗೆಯೇ ತೂಕ ನೋಡದೆ ಸುರಿಯುತ್ತದೆ.

ನಮ್ಮ ಕಡೆ ಒಂದು ಮಾತಿದೆ. ಯಾರಾದರೂ ತೀರಿಕೊಂಡಾಗ, ಮಣ್ಣಿಗೆ ಹೋಗಿದ್ದೆ, ಮಣ್ಣು ಮಾಡಿ ಬಂದೆವು ಎನ್ನುತ್ತೇವೆ. ಮದುವೆಗೆ ಹೋಗದಿದ್ದರೂ ನಡೆದೀತು, ಮಣ್ಣಿಗೆ ಹೋಗದಿದ್ದರೆ ಊರು ಮರೆಯುವುದಿಲ್ಲ. ಜಾತಿ ಧರ್ಮ ನೋಡದೆ ಎಲ್ಲರೂ ಬರುತ್ತಾರೆ, ಹಿಡಿ ಮಣ್ಣು ಹಾಕುತ್ತಾರೆ. ಕೆಲವು ದಿನ ಬಿಟ್ಟು ನಮ್ಮ ನೆರೆಯ ಹಿಂದೂ ಮನೆಗಳ ಹೆಂಗಸರು ಹಾಲು ತುಪ್ಪ ಬಿಡಲು ಮತ್ತೆ ಅಲ್ಲಿಗೆ ಹೋಗುತ್ತಾರೆ. ಅವರನ್ನು ನೋಡಿದಾಗೆಲ್ಲ ನನಗೆ ಸುಗಂಧದ್ರವ್ಯ ಹಿಡಿದು ಮುಂಜಾನೆ ಹೊರಟ ಮಗ್ದಲದ ಮರಿಯ ಮತ್ತು ಆಕೆಯ ಜೊತೆಯವರ ನೆನಪಾಗುತ್ತದೆ. ಪ್ರಭುವನ್ನು ಎಲ್ಲಿ ಇಟ್ಟರೆಂದು ಶುಕ್ರವಾರ ಸಂಜೆ ಕಣ್ಣಿಟ್ಟು ನೋಡಿಕೊಂಡವರು ಅವರು. ಅದಕ್ಕೇ ಭಾನುವಾರ ದಾರಿ ತಪ್ಪಲಿಲ್ಲ.

ಪ್ರಿಯರೇ, ಪ್ರಭು ಯೇಸು ನಮ್ಮ ಮಣ್ಣಿಗೆ ಬಂದರು. ಸತ್ತವರನ್ನು ನೋಡಿಹೋಗಲು ಬಂದ ನೆಂಟರಂತೆ ಅಲ್ಲ, ಸತ್ತವರಲ್ಲಿ ಒಬ್ಬರಾಗಿ ಬಂದರು. ಮಾತನಾಡಲಿಲ್ಲ, ಅದ್ಭುತ ಮಾಡಲಿಲ್ಲ, ಇತರರು ಎತ್ತಿದರೆ ಎತ್ತಿಸಿಕೊಂಡರು, ಮಲಗಿಸಿದರೆ ಮಲಗಿದರು. ಸೃಷ್ಟಿಯ ಏಳನೆಯ ದಿನ ವಿಶ್ರಮಿಸಿದ ದೇವರು ಈ ಸಬ್ಬತ್ ದಿನವೂ ಮನುಷ್ಯನ ರಕ್ಷಣಾಕಾರ್ಯ ಮುಗಿಸಿ ವಿಶ್ರಮಿಸಿದರು ಎಂದು ಧರ್ಮಸಭೆಯ ಧರ್ಮೋಪದೇಶ ನಮಗೆ ಕಲಿಸುತ್ತದೆ. ಅದಕ್ಕೇ ಇಂದು ಹಗಲೆಲ್ಲ ನಮ್ಮ ಪೀಠ ಬರಿದಾಗಿತ್ತು, ಬಲಿಪೂಜೆ ಇರಲಿಲ್ಲ. ಆ ವಿಶ್ರಾಂತಿಯಲ್ಲೂ ಅವರು ನಮ್ಮ ಪೂರ್ವಜರನ್ನು ಹುಡುಕಿಕೊಂಡು ಪಾತಾಳಕ್ಕಿಳಿದರೆಂದು ನಾವು ನಂಬುತ್ತೇವೆ. ಇದರ ಅರ್ಥ ಇಷ್ಟು: ನಿಮ್ಮ ಅಪ್ಪ ಅಮ್ಮ, ಮಡಿದ ಮಗು, ಯಾರನ್ನೇ ನೀವು ಮಣ್ಣಿಗಿಟ್ಟಿರಲಿ, ಅಲ್ಲಿ ಅವರಿಗಿಂತ ಮುಂಚೆ ಪ್ರಭು ಮಲಗಿ ಎದ್ದಿದ್ದಾರೆ. ಆ ಜಾಗ ಅವರಿಗೆ ಹೊಸದಲ್ಲ.

ರೇಷ್ಮೆ ಸಾಕುವ ಮನೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳು ಚಂದ್ರಿಕೆಯ ಮೇಲೆ ತನ್ನ ಸುತ್ತ ತಾನೇ ಗೂಡು ಕಟ್ಟಿ ಒಳಗೆ ಅಡಗುವುದನ್ನೂ, ರೆಕ್ಕೆ ಕಟ್ಟಿಕೊಂಡು ಹೊರಬರುವುದನ್ನೂ ಪುನರುತ್ಥಾನಕ್ಕೆ ಹೋಲಿಸಿ ಪ್ರಬೋಧನೆ ಹೇಳುವುದು ಸುಲಭ. ನಾನೂ ಮೊದಲು ಹೇಳಿದ್ದೇನೆ. ಒಬ್ಬ ಹಿರಿಯರು ಪೂಜೆ ಮುಗಿದ ಮೇಲೆ ನನ್ನನ್ನು ತಿದ್ದಿದರು: “ಸ್ವಾಮಿ, ರಾಮನಗರದ ಮಾರುಕಟ್ಟೆಗೆ ನಾವು ಒಯ್ಯೋ ಗೂಡಿನಿಂದ ಯಾವ ಚಿಟ್ಟೆನೂ ಏಳಲ್ಲ. ಎದ್ದರೆ ಗೂಡು ತೂತು, ನೂಲು ಬರಲ್ಲ. ಒಳಗಿದ್ದ ಹಾಗೇ ಸಾಯಿಸ್ತಾರೆ.” ಸರಿಯಾದ ಮಾತು. ಮಾಗಡಿ ಕಡೆಯ ಬಿತ್ತನೆ ಗೂಡನ್ನು ಮಾತ್ರ ಚಿಟ್ಟೆ ಹೊರಬರಲೆಂದೇ ಬಿಡುತ್ತಾರೆ. ಅಲ್ಲಿ ತೂತುಬಿದ್ದ ಗೂಡಿನಿಂದ ನಷ್ಟವಿಲ್ಲ, ಮುಂದಿನ ಬೆಳೆಯೇ ಅದರಿಂದ. ಕ್ರಿಸ್ತರ ಸಮಾಧಿಯೂ ಬಿತ್ತನೆ ಗೂಡು. ಅದು ಬರಿದಾಗಿ ಬಿದ್ದಿರುವುದರಿಂದಲೇ ನಾವೆಲ್ಲ ಇಲ್ಲಿ ಮೇಣದಬತ್ತಿ ಹಿಡಿದು ಕೂತಿದ್ದೇವೆ.

ಹಾಗಾದರೆ ಇಂದಿನ ವಾಚನದಲ್ಲಿ ಸಂತ ಪೌಲರು ಏಕೆ, ಜ್ಞಾನಸ್ನಾನದಲ್ಲಿ ನಮ್ಮನ್ನೂ ಅವರೊಡನೆ ಹೂಳಲಾಯಿತು ಎನ್ನುತ್ತಾರೆ? ಈಗ ನಾವು ಮಗುವಿನ ಹಣೆಗೆ ನೀರು ಸುರಿಯುತ್ತೇವೆ, ಅದು ಅಳುತ್ತದೆ, ಫೋಟೊ ತೆಗೆಯುತ್ತೇವೆ. ಮೊದಲ ಶತಮಾನಗಳಲ್ಲಿ ದೀಕ್ಷೆ ಪಡೆಯುವವರು ಕೊಳದ ಮೆಟ್ಟಿಲಿಳಿದು ನೀರಲ್ಲಿ ಮೂರು ಸಲ ಮುಳುಗುತ್ತಿದ್ದರು. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರು, ಆ ಮೂರು ಮುಳುಗು ಪ್ರಭು ಸಮಾಧಿಯಲ್ಲಿದ್ದ ಮೂರು ದಿನಗಳ ಗುರುತು ಎಂದು ಹೊಸ ಕ್ರೈಸ್ತರಿಗೆ ವಿವರಿಸಿದರು. ಅಂದರೆ ನಮ್ಮ ಮಣ್ಣು ಒಂದು ಸಲ ಆಗಲೇ ಆಗಿಹೋಗಿದೆ. ಸತ್ತವನ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಸತ್ತವನು ಯಾರ ಮೇಲೂ ಹಗೆ ಸಾಧಿಸುವುದಿಲ್ಲ. ನಾವಾದರೋ ಹೂತಿಟ್ಟ ಹಳೆಯ ಮನುಷ್ಯನನ್ನು ವರ್ಷವರ್ಷವೂ ಅಗೆದು ತೆಗೆದು, ಅವನಿಗೆ ಊಟ ಹಾಕಿ ಸಾಕುತ್ತೇವೆ.

ಇದನ್ನು ಹೇಳುವಾಗ ನನಗೆ ಒಂದು ಮನೆಯ ನೆನಪಾಗುತ್ತದೆ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಹೆಸರು, ಊರು ಬೇಡ.

2021ರ ಮೇ ತಿಂಗಳು. ಕೊರೊನಾದ ಎರಡನೆಯ ಅಲೆ. ಅಣ್ಣ ಊರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ತಮ್ಮನ ಮನೆಯಲ್ಲಿದ್ದ ತಾಯಿ ಆಸ್ಪತ್ರೆ ಸೇರಿ ಮೂರೇ ದಿನಕ್ಕೆ ತೀರಿಕೊಂಡರು. ಆ ದಿನಗಳು ಹೇಗಿದ್ದವೆಂದು ನೀವು ಮರೆತಿಲ್ಲ. ಆಂಬುಲೆನ್ಸ್‌ಗಳು ಸಾಲು ನಿಂತಿದ್ದವು, ಮಕ್ಕಳಿಗೆ ಮುಖ ತೋರಿಸುತ್ತಿರಲಿಲ್ಲ. ಕ್ರೈಸ್ತರು, ಮುಸ್ಲಿಮರು, ಹಿಂದೂಗಳು ಎನ್ನದೆ ಯುವಕರು ಪಿಪಿಇ ತೊಟ್ಟು ಗುರುತಿಲ್ಲದವರ ಶವಗಳನ್ನು ಹೊತ್ತರು. ಸತ್ತವರನ್ನು ಹೂಳುವುದು ದಯೆಯ ಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ರಾಜನ ಭಯವಿದ್ದರೂ ತನ್ನ ಜನರ ಹೆಣಗಳನ್ನು ಹೂಳುತ್ತಿದ್ದ ತೋಬಿತನನ್ನು ನಾವು ಕಣ್ಣಾರೆ ಕಂಡದ್ದು ಆಗ.

ಆ ರಾತ್ರಿ ತಮ್ಮ ನನಗೆ ಫೋನ್ ಮಾಡಿದರು. “ಸ್ವಾಮಿ, ಊರಿಗೆ ತರೋಕೆ ಆಗ್ತಿಲ್ಲ. ಇಲ್ಲೇ ಸುಡೋಕೆ ಹೇಳ್ತಿದ್ದಾರೆ. ಏನು ಮಾಡಲಿ?” ಅಂದು ನನಗೂ ಜ್ವರ, ಅದು ಎಷ್ಟನೆಯ ಫೋನೋ ಏನೋ. ನಾನು, “ನಮ್ಮದು ಹೂಳುವ ಪದ್ಧತಿ ಅಲ್ವಾ, ನೋಡಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅವರು ಬೇರೆ ದಾರಿ ಕಾಣದೆ ತಾಯಿಯನ್ನು ದಹನ ಮಾಡಿಸಿದರು. ನನ್ನ ಆ ಅರೆಬರೆ ಮಾತು ಅವರ ಎದೆಯಲ್ಲಿ ಕೂತಿತು. ಊರಿನಲ್ಲಿ ಅಣ್ಣ, “ಅಮ್ಮನನ್ನು ಸುಟ್ಟವನು ನನ್ನ ತಮ್ಮನಲ್ಲ” ಎಂದರು. ಚಿತಾಭಸ್ಮದ ಮಡಕೆ ಎರಡು ವರ್ಷ ತಮ್ಮನ ಫ್ಲ್ಯಾಟಿನ ಬೀರುವಿನ ಮೇಲೆ, ಬಟ್ಟೆ ಸುತ್ತಿದ ಹಾಗೇ ಇತ್ತು. ಸ್ವಾಮಿ ಸಮಾಧಿ ಭೂಮಿಗೆ ಸೇರಿಸುವುದಿಲ್ಲವೆಂಬ ಹೆದರಿಕೆ.

ನಾನು ಆ ರಾತ್ರಿ ಹೇಳಬೇಕಾಗಿದ್ದನ್ನು ಈಗ ನಿಮ್ಮೆಲ್ಲರಿಗೂ ಸ್ಪಷ್ಟವಾಗಿ ಹೇಳುತ್ತೇನೆ. ಧರ್ಮಸಭೆ 1963ರಿಂದಲೇ ದಹನವನ್ನು ನಿಷೇಧಿಸುವುದಿಲ್ಲ. ಕ್ರೈಸ್ತ ವಿಶ್ವಾಸವನ್ನು ಧಿಕ್ಕರಿಸಲೆಂದು ಮಾಡಿದರೆ ಮಾತ್ರ ತಪ್ಪು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಅದನ್ನೇ ಹೇಳುತ್ತದೆ. ಬೆಂಕಿಯಲ್ಲಿ ಬೆಂದವರನ್ನು, ನೀರುಪಾಲಾದವರನ್ನು ಎಬ್ಬಿಸಲಾರದ ದೇವರು ಮಣ್ಣಾದವರನ್ನು ಮಾತ್ರ ಎಬ್ಬಿಸುತ್ತಾರೆಯೇ? ಆದರೆ ಹೂಳುವುದನ್ನೇ ಧರ್ಮಸಭೆ ಇಂದಿಗೂ ಹೆಚ್ಚು ಇಷ್ಟಪಡುತ್ತದೆ, ಏಕೆಂದರೆ ಪ್ರಭುವನ್ನು ಹಾಗೆ ಇಡಲಾಯಿತು, ನಮ್ಮ ದೇಹ ಪವಿತ್ರಾತ್ಮರ ಆಲಯ. 2016ರಲ್ಲಿ ರೋಮಿನಿಂದ ಬಂದ ಸೂಚನೆಯಂತೆ ಭಸ್ಮವನ್ನು ಗಾಳಿಗೆ, ಹೊಳೆಗೆ ಚೆಲ್ಲಬಾರದು, ಮನೆಯಲ್ಲಿ ಇಟ್ಟುಕೊಳ್ಳಬಾರದು. ಸಮಾಧಿ ಭೂಮಿಯಲ್ಲೋ ಪವಿತ್ರ ಸ್ಥಳದಲ್ಲೋ ಇಡಬೇಕು. ಸತ್ತವರು ಮನೆಯವರ ಖಾಸಗಿ ಆಸ್ತಿಯಲ್ಲ, ಇಡೀ ಧರ್ಮಸಭೆಯ ಪ್ರಾರ್ಥನೆಗೆ ಸೇರಿದವರು.

2023ರ ನವೆಂಬರ್ ಎರಡರಂದು, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಆ ಮಡಕೆ ಊರಿಗೆ ಬಂತು. ಮೊದಲು ನಾನು ಆ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದ್ದೆ. ಅವರ ತಂದೆಯ ಸಮಾಧಿಯ ಪಕ್ಕದಲ್ಲೇ ಗುಂಡಿ ತೆಗೆದಿದ್ದೆವು, ಮೊಣಕೈ ಉದ್ದದ್ದು ಸಾಕಿತ್ತು. ಅಣ್ಣ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಪ್ರಾರ್ಥನೆ ಅರ್ಧವಾದಾಗ ಬೇಲಿಯ ಹೊರಗೆ ನಿಂತಿದ್ದರು. ಕೊನೆಗೆ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ತಮ್ಮನೂ ಹಾಕಿದರು. ಒಂದೇ ಗುಂಡಿ, ಎರಡು ಕೈ. ಆಮೇಲೆ ಅಣ್ಣ, “ಊಟ ಮಾಡ್ಕೊಂಡು ಹೋಗು” ಎಂದರು.

ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, 2025ರಲ್ಲಿ ನಮ್ಮ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು, ಜಮೀನಿನ ಬೆಲೆ ಎಲ್ಲಿಗೆ ಮುಟ್ಟಿದೆಯೆಂದು ನಿಮಗೇ ಗೊತ್ತು. ಅವರ ಪಾಲಿನ ವ್ಯಾಜ್ಯ ಇನ್ನೂ ನಡೆಯುತ್ತಿದೆ. ಆದರೆ ಈಗ ಇಬ್ಬರೂ ಒಂದೇ ಬೈಕಿನಲ್ಲಿ ಕೋರ್ಟಿಗೆ ಹೋಗುತ್ತಾರೆಂದು ಕೇಳಿದ್ದೇನೆ. ಇದನ್ನು ನಗುತ್ತಾ ಹೇಳುತ್ತಿದ್ದೇನೆ, ಆದರೂ ಆ ಬೈಕು ನನಗೆ ಸಣ್ಣ ಸಂಗತಿಯಲ್ಲ. ಪವಿತ್ರ ಶನಿವಾರ ಎಂದರೆ ಬಹುಶಃ ಇದೇ. ಶುಕ್ರವಾರ ಕಳೆದಿದೆ, ಭಾನುವಾರ ಇನ್ನೂ ಬೆಳಗಾಗಿಲ್ಲ, ಕಲ್ಲು ಮುಚ್ಚಿದ ಹಾಗೇ ಕಾಣುತ್ತದೆ, ಒಳಗೆ ದೇವರು ಏನು ಮಾಡುತ್ತಿದ್ದಾರೆಂದು ಹೊರಗಿನವರಿಗೆ ತಿಳಿಯದು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥ ಮಡಕೆ ಇನ್ನೂ ಇದ್ದರೆ, ನನ್ನ ಬಳಿಗೆ ಬನ್ನಿ. ಹೆದರಬೇಡಿ, ಬೈಯುವುದಿಲ್ಲ. ಯಾರ ಮಣ್ಣಿಗೆ ನೀವು ಹೋಗಲಿಲ್ಲವೋ ಆ ಮನೆಗೆ ನಾಳೆ ಹಬ್ಬದ ಊಟಕ್ಕೆ ಮುಂಚೆ ಒಮ್ಮೆ ಹೋಗಿಬನ್ನಿ.

ಈಗ ನೀರನ್ನು ಆಶೀರ್ವದಿಸುತ್ತೇವೆ. ಇಂದು ಜ್ಞಾನಸ್ನಾನ ಪಡೆಯುವ ಮೂವರು ಮಕ್ಕಳನ್ನು ತಂದೆತಾಯಂದಿರು, ಜ್ಞಾನಪಿತೃಗಳು ಮುಂದಕ್ಕೆ ಕರೆತನ್ನಿ. ಉಳಿದವರು ಎದ್ದುನಿಂತು, ಪಾಸ್ಖ ದೀಪದಿಂದ ನಿಮ್ಮ ಮೇಣದಬತ್ತಿಗಳನ್ನು ಮತ್ತೆ ಹೊತ್ತಿಸಿಕೊಳ್ಳಿ. ಪಕ್ಕದವರ ಬತ್ತಿ ಆರಿದ್ದರೆ ಅದನ್ನೂ ಹೊತ್ತಿಸಿ.